ಕಲ್ಲಿನೊಳಗಿನ ಕಪ್ಪೆ

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಅರಸೀಕೆರೆಯಲ್ಲಿ ಸಮಾಜ ಪಾಠ ಹೇಳುವವಳಿಗೆ ಇದು ತಪ್ಪಿದ್ದಲ್ಲ. ಬೆಳಗಿನ ಜಾವದ ಬಸ್ಸು, ಪೊಟ್ಟಣ ಕಟ್ಟಿದ ಚಿತ್ರಾನ್ನ, ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಮಕ್ಕಳ ಎಣಿಕೆ. ನಮ್ಮೂರಿನ ಶಿವಾಲಯವೂ ಹೊಯ್ಸಳರ ಕಾಲದ್ದೇ, 1220ರಲ್ಲಿ ಕಟ್ಟಿದ್ದು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ, ಮಕ್ಕಳಿಗೆ ಬೇಲೂರೇ ಆಗಬೇಕು.

ಬೇಲೂರಿನಲ್ಲಿ ದೊಡ್ಡ ಗುಡಿ ನೋಡಿ ಮುಗಿಸಿದ ಮೇಲೆ, ರಾಣಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿಯ ಹತ್ತಿರ ಮಕ್ಕಳನ್ನು ಕೂರಿಸಿ ಜಕಣಾಚಾರಿಯ ಕಥೆ ಹೇಳುತ್ತೇನೆ. ನಿಮಗೂ ಗೊತ್ತಿರುವ ಕಥೆಯೇ. ಬಸುರಿ ಹೆಂಡತಿಯನ್ನು ಕೈದಾಳದಲ್ಲಿ ಬಿಟ್ಟು ಬಂದ ಶಿಲ್ಪಿ ಜಕಣಾಚಾರಿ ಬೇಲೂರಿನಲ್ಲಿ ವಿಗ್ರಹ ಕಡೆಯುತ್ತಾನೆ. ಅಪ್ಪನನ್ನು ಹುಡುಕಿಕೊಂಡು ಬಂದ ಹುಡುಗ ಡಂಕಣ, ಇವನೇ ಅಪ್ಪನೆಂದು ತಿಳಿಯದೆ, "ಈ ಕಲ್ಲಿನಲ್ಲಿ ದೋಷವಿದೆ" ಎನ್ನುತ್ತಾನೆ. ದೋಷ ತೋರಿಸಿದರೆ ಕೈ ಕತ್ತರಿಸಿಕೊಳ್ಳುತ್ತೇನೆಂದು ದೊಡ್ಡವನ ಪಣ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳಿನ ಹತ್ತಿರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟು ಹೊಡೆದರೆ ನೀರು, ಮರಳು, ಜೊತೆಗೆ ಜೀವಂತ ಕಪ್ಪೆ! ಜಕಣಾಚಾರಿ ಮಾತಿಗೆ ತಪ್ಪದೆ ತನ್ನ ಬಲಗೈಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ.

1994ರ ಪ್ರವಾಸದಲ್ಲಿ ಈ ಕಥೆ ಮುಗಿಯುತ್ತಿದ್ದಂತೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ಕಪ್ಪೆ ಕಲ್ಲೊಳಗೆ ಏನು ತಿನ್ಕೊಂಡಿತ್ತು?" ಎಂದ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನು ಕೆಲಸಕ್ಕೆ ಸೇರಿದ ಹೊಸತು. ಶಿಸ್ತು ಕೆಡುತ್ತದೆಂದು ಭಯ. "ಕಥೆ ಕೇಳಪ್ಪ, ಅಧಿಕಪ್ರಸಂಗ ಬೇಡ" ಎಂದು ಗದರಿದೆ. ಅವನು ಮಾತಾಡದೆ ಕುಳಿತ. ಆ ಪ್ರಶ್ನೆ ಮಾತ್ರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆ ಹುಡುಗ ನಮ್ಮ ಕೇರಿಯವನೇ. ಅವನ ತಾಯಿಯನ್ನು ನಾನು ಚಿಕ್ಕಂದಿನಿಂದ ಅಕ್ಕ ಎಂದು ಕರೆದವಳು. ಮದುವೆಯಾಗಿ ಆಕೆ ನಮ್ಮ ಪಕ್ಕದ ಮನೆಗೆ ಬಂದಾಗ ನನಗೆ ಹತ್ತು ವರ್ಷ. ಮರುವರ್ಷ, 1980ರ ಫೆಬ್ರವರಿ 16ರ ಶನಿವಾರ, ಸೂರ್ಯಗ್ರಹಣವಾಯಿತು. ಅಂಕೋಲೆಯಿಂದ ರಾಯಚೂರಿನವರೆಗೆ ಪೂರ್ಣಗ್ರಹಣ. ನಮಗೆ ಅಷ್ಟಿರಲಿಲ್ಲ, ಆದರೂ ಮಧ್ಯಾಹ್ನವೇ ಬೆಳಕು ಮಂಕಾಗಿ ಕೋಳಿಗಳು ಗೂಡು ಹುಡುಕಿದ್ದು ನೆನಪಿದೆ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ, ಕಿಟಕಿಗಳಿಗೆ ಕಂಬಳಿ. ಐದು ತಿಂಗಳ ಬಸುರಿಯಾದ ಅಕ್ಕನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಮೈ ತುರಿಸಿಕೊಳ್ಳಬೇಡ, ಮಗ್ಗುಲಾಗಬೇಡ ಎಂದು ಅತ್ತೆ ಕಾವಲು ಕೂತಿದ್ದರಂತೆ. ಅತ್ತೆಗೆ ಜೋಂಪು ಹತ್ತಿದಾಗ ಕಟ್ಟಿದ ಕರು ಅರಚಿತು. ಅಕ್ಕ ತಡೆಯಲಾರದೆ ಹಿತ್ತಲಿಗೆ ಹೋಗಿ ಕುಣಿಕೆ ಸಡಿಲ ಮಾಡಿ ಬಂದಳು. ಆಗಿದ್ದು ಇಷ್ಟೇ.

ಜೂನ್ ತಿಂಗಳಲ್ಲಿ ಮಗು ಹುಟ್ಟಿತು. ವರ್ಷ ತುಂಬುವುದರೊಳಗೆ ಅದರ ಬೆನ್ನು, ಹೊಟ್ಟೆ, ತೊಡೆಯ ಮೇಲೆ ಕಂದು ಬಣ್ಣದ ಮಚ್ಚೆಗಳು ಎದ್ದು ಕಂಡವು. ಒಂದೆರಡಲ್ಲ, ಹತ್ತಾರು. ಗಸಗಸೆ ಗಾತ್ರದವಲ್ಲ, ಹುಣಿಸೆ ಬೀಜದಷ್ಟು, ಕೆಲವು ಅಂಗೈಯಗಲ. "ಗ್ರಹಣದ ಮಚ್ಚೆ" ಎಂದರು ಅತ್ತೆ. ಕೇರಿಯೆಲ್ಲ ಹೌದೆಂದಿತು. ಹನ್ನೆರಡು ಹದಿಮೂರು ವರ್ಷಕ್ಕೆ ಹುಡುಗನ ಮೈಮೇಲೆ ಮೆತ್ತನೆಯ ಸಣ್ಣ ಗಂಟುಗಳು ಎದ್ದಾಗ ಆ ಮಾತಿಗೆ ಇನ್ನಷ್ಟು ಬಲ ಬಂತು. ಮನೆಯಲ್ಲಿ ಏನು ಕೆಟ್ಟರೂ, "ಅವತ್ತು ಸುಮ್ನೆ ಬಿದ್ದಿರು ಅಂದಿದ್ದೆ" ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತಿತ್ತು. ಅಕ್ಕ ಎದುರಾಡುತ್ತಿರಲಿಲ್ಲ. ಆಕೆಯೂ ಹಾಗೆಯೇ ನಂಬಿದ್ದಳು.

ನಾನು ಇತಿಹಾಸ ಓದಿದವಳು, ವೈದ್ಯ ಓದಿದವಳಲ್ಲ. ಆದರೆ ಆ ಮನೆಯಲ್ಲಿ ಮುಂದೆ ನಡೆದದ್ದನ್ನು ಕಂಡಮೇಲೆ ಈ ಕಾಯಿಲೆಗೂ ಒಂದು ಇತಿಹಾಸವಿರಬೇಕಲ್ಲ ಎನ್ನಿಸಿ ಹುಡುಕಿ ಓದಿದೆ, ಡಾಕ್ಟರುಗಳನ್ನು ಕೇಳಿದೆ. ಆ ಹುಡುಗನಿಗೆ ಇದ್ದದ್ದು ನ್ಯೂರೋಫೈಬ್ರೊಮಟೋಸಿಸ್. ಹೆಸರು ಬಾಯಿಗೆ ಕಷ್ಟ, ಅರ್ಥ ಕಷ್ಟವಲ್ಲ: ನರಗಳ ಹೊದಿಕೆಯಲ್ಲಿ ನಾರುನಾರಾದ ಗಂಟುಗಳು ಬೆಳೆಯುವ ರೋಗ. ಸುಮಾರು 3000 ಹುಟ್ಟಿಗೆ ಒಬ್ಬರಂತೆ ಎಲ್ಲ ದೇಶ, ಎಲ್ಲ ಜಾತಿಗಳಲ್ಲೂ ಇದೆ. ಅಂಟುರೋಗವಲ್ಲ.

ಯೂರೋಪಿನಲ್ಲಿ 1793ರಲ್ಲಿಯೇ ಜರ್ಮನಿಯ ಟಿಲೇಸಿಯಸ್ ಎಂಬುವನು ಮೈತುಂಬ ಗಂಟುಗಳಿದ್ದ ಒಬ್ಬ ಮನುಷ್ಯನ ಬಗ್ಗೆ ಚಿತ್ರಸಹಿತ ಬರೆದಿದ್ದ. 1849ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಶಸ್ತ್ರವೈದ್ಯ ರಾಬರ್ಟ್ ವಿಲಿಯಂ ಸ್ಮಿತ್ ನರಗಳ ಗಂಟಿನ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಆದರೆ ಗಂಟು ಬರುವುದು ಚರ್ಮದಿಂದಲ್ಲ, ನರದ ಹೊದಿಕೆಯಿಂದ ಎಂದು ಸ್ಪಷ್ಟವಾಗಿ ತೋರಿಸಿಕೊಟ್ಟವನು ಸ್ಟ್ರಾಸ್‌ಬರ್ಗಿನ ಫ್ರೀಡ್ರಿಶ್ ಫಾನ್ ರೆಕ್ಲಿಂಗ್‌ಹೌಸನ್. ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರು ರೋಗಿಗಳ ದೇಹದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 1882ರಲ್ಲಿ ಅವನು ಪುಸ್ತಕ ಪ್ರಕಟಿಸಿದ. ಬಹಳ ಕಾಲ ರೋಗಕ್ಕೆ ಅವನ ಹೆಸರೇ ನಡೆಯಿತು.

ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಜೋಸೆಫ್ ಮೆರಿಕ್ ಎಂಬ ಬಡ ಹುಡುಗನಿದ್ದ. 1862ರಲ್ಲಿ ಹುಟ್ಟಿದವನು. ಮುಖ, ತಲೆ, ಒಂದು ಕೈ ವಿಕಾರವಾಗಿ ಬೆಳೆದು, "ಆನೆ ಮನುಷ್ಯ" ಎಂದು ಹೆಸರಿಟ್ಟು ಅವನನ್ನು ಜಾತ್ರೆಯ ವಸ್ತುವಿನಂತೆ ಕಾಸಿಗೆ ತೋರಿಸುತ್ತಿದ್ದರು. ಕೊನೆಗೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಆಶ್ರಯ ಪಡೆದು, 1890ರಲ್ಲಿ, ತನ್ನ 27ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಜನ ಇದಕ್ಕೆ ಕೊಟ್ಟ ಕಾರಣ ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಾಯಿ ಬಸುರಿಯಾಗಿದ್ದಾಗ ಜಾತ್ರೆಯ ಮೆರವಣಿಗೆಯಲ್ಲಿ ಆನೆ ಕಂಡು ಬೆದರಿದಳಂತೆ! ಮೆರಿಕ್ ತಾನೂ ಅದನ್ನೇ ನಂಬಿದ್ದ. ಸಾವಿರಾರು ಮೈಲಿ ದೂರದ ಇಂಗ್ಲೆಂಡಿನಲ್ಲಿ ಆನೆ, ಅರಸೀಕೆರೆಯಲ್ಲಿ ಗ್ರಹಣ. ನೆಪ ಬೇರೆ ಬೇರೆ, ಅಪರಾಧಿ ಮಾತ್ರ ಒಬ್ಬಳೇ.

ಮೆರಿಕ್‌ನ ರೋಗ ಯಾವುದು ಎಂಬುದರಲ್ಲೂ ಬಹಳ ವರ್ಷ ತಪ್ಪಾಯಿತು. 1909ರಲ್ಲಿ ಒಬ್ಬ ವೈದ್ಯ ಅದು ನ್ಯೂರೋಫೈಬ್ರೊಮಟೋಸಿಸ್ ಎಂದು ಬರೆದದ್ದೇ ಗಟ್ಟಿಯಾಗಿ ನಿಂತಿತು. 1980ರಲ್ಲಿ, ಅಂದರೆ ನಮ್ಮ ಹುಡುಗ ಹುಟ್ಟಿದ ವರ್ಷವೇ, ಮೆರಿಕ್‌ನ ಬಾಳಿನ ಮೇಲೆ ಹೆಸರಾಂತ ಚಲನಚಿತ್ರ ಬಂದಾಗ ಈ ರೋಗವಿದ್ದವರನ್ನೆಲ್ಲ ಜನ ಅದೇ ಕಣ್ಣಿನಿಂದ ನೋಡುವಂತಾಯಿತು. 1986ರಲ್ಲಿ ಇಬ್ಬರು ವೈದ್ಯರು ಅವನಿಗೆ ಇದ್ದದ್ದು ಪ್ರೋಟಿಯಸ್ ಎಂಬ ಬೇರೆಯೇ ರೋಗವಿರಬೇಕೆಂದು ವಾದಿಸಿದರು. ಈಗ ಹೆಚ್ಚಿನವರು ಒಪ್ಪುವುದು ಅದನ್ನೇ. ಆದರೆ ಒಮ್ಮೆ ಅಂಟಿದ ಹೆಸರು ತೊಳೆದರೆ ಹೋದೀತೆ?

1987ರಲ್ಲಿ ಅಮೆರಿಕದಲ್ಲಿ ಪರಿಣತರು ಸೇರಿ ಈ ರೋಗವನ್ನು ಗುರುತಿಸುವ ಲಕ್ಷಣಗಳನ್ನು ಪಟ್ಟಿಮಾಡಿದರು. 2021ರಲ್ಲಿ ಅದನ್ನು ತಿದ್ದಿದರು. ಮೈಮೇಲೆ ಆರು ಅಥವಾ ಹೆಚ್ಚು ಕಂದು ಮಚ್ಚೆಗಳು, ಅದೂ ಚಿಕ್ಕ ಮಕ್ಕಳಲ್ಲಿ 5 ಮಿಲಿಮೀಟರಿಗಿಂತ, ದೊಡ್ಡವರಲ್ಲಿ 15 ಮಿಲಿಮೀಟರಿಗಿಂತ ಅಗಲವಾದವು, ಕಂಕುಳು ತೊಡೆಸಂದುಗಳಲ್ಲಿ ಸಣ್ಣ ಚುಕ್ಕೆಗಳು, ನರದ ಗಂಟುಗಳು, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗದಲ್ಲಿ ಡಾಕ್ಟರು ದೀಪ ಹಿಡಿದು ನೋಡಿದರಷ್ಟೇ ಕಾಣುವ ಪುಟ್ಟ ಬೊಟ್ಟುಗಳು, ಕೆಲವು ಬಗೆಯ ಮೂಳೆಯ ವಿಕಾರ, ಮನೆಯಲ್ಲಿ ಇನ್ನೊಬ್ಬರಿಗೆ ಇರುವುದು. ಇವುಗಳಲ್ಲಿ ಎರಡಾದರೂ ಕಂಡರೆ ರೋಗವಿದೆಯೆಂದು ತಿಳಿಯುತ್ತಾರೆ. ಕಂದು ಮಚ್ಚೆಗೆ ಅವರಿಟ್ಟ ಫ್ರೆಂಚ್ ಹೆಸರಿನ ಅರ್ಥ ಹಾಲು ಬೆರೆಸಿದ ಕಾಫಿ ಎಂದು. ಕಾಫಿ ಬೆಳೆಯುವ ಜಿಲ್ಲೆಯವರಾದ ನಾವು ಅದನ್ನು ಗ್ರಹಣ ಎಂದು ಕರೆದೆವು. ಒಂದೋ ಎರಡೋ ಮಚ್ಚೆ ಇದ್ದರೆ ಯಾರೂ ಹೆದರಬೇಕಿಲ್ಲ, ಅದು ಎಷ್ಟೋ ಜನರಿಗೆ ಇರುತ್ತದೆ.

ಇದನ್ನು ಓದುವಾಗ ಇನ್ನೊಂದು ಸಂಗತಿ ನನ್ನನ್ನು ಚುಚ್ಚಿತು. ಈ ರೋಗವಿರುವ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಕಲಿಕೆಯ ತೊಂದರೆ ಇರುತ್ತದಂತೆ. ಬುದ್ಧಿ ಇಲ್ಲವೆಂದಲ್ಲ, ಗಮನ ನಿಲ್ಲುವುದಿಲ್ಲ, ಬರವಣಿಗೆ ಸೊಟ್ಟ, ಲೆಕ್ಕ ತಪ್ಪು, ನಕ್ಷೆಯಲ್ಲಿ ದಿಕ್ಕು ತಿಳಿಯುವುದಿಲ್ಲ. ಆ ಹುಡುಗನನ್ನು ನಾನೇ ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆ! ಭಾರತದ ನಕ್ಷೆಯಲ್ಲಿ ಗಂಗೆಯನ್ನು ಅರಬ್ಬಿ ಸಮುದ್ರಕ್ಕೆ ಹರಿಸಿದ್ದಾನೆಂದು ಇಡೀ ಕ್ಲಾಸಿಗೆ ತೋರಿಸಿ ನಗಿಸಿದ್ದೆ. ಕಪ್ಪೆಯ ಪ್ರಶ್ನೆ ಕೇಳಿದವನನ್ನು ದಡ್ಡನೆಂದು ನಾವು ತೀರ್ಮಾನ ಮಾಡಿಬಿಟ್ಟಿದ್ದೆವು.

ಇತಿಹಾಸದ ದೊಡ್ಡ ತಿರುವು ಬಂದದ್ದು 1990ರಲ್ಲಿ. ಅಮೆರಿಕದ ಎರಡು ತಂಡಗಳು, ಮಿಷಿಗನ್ನಿನ ಫ್ರಾನ್ಸಿಸ್ ಕಾಲಿನ್ಸ್ ಅವರದೊಂದು, ಯೂಟಾದ ರೇ ವೈಟ್ ಅವರದೊಂದು, ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಈ ರೋಗದ ಜೀನನ್ನು ಹುಡುಕಿ ತೆಗೆದವು. ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿರುವುದು ನಿಮಗೆ ಗೊತ್ತು. 17ನೆಯದರಲ್ಲಿ ಈ ಜೀನು ಕೂತಿದೆ. ಅದರ ಕೆಲಸ ಬ್ರೇಕಿನ ಕೆಲಸ, ಜೀವಕೋಶ ಅಂಕೆಮೀರಿ ಬೆಳೆಯದಂತೆ ತಡೆಯುವುದು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಬ್ರೇಕು ನಮಗಿರುತ್ತವೆ. ಈ ರೋಗದವರಿಗೆ ಹುಟ್ಟುವಾಗಲೇ ಒಂದು ಕೆಟ್ಟಿರುತ್ತದೆ. ಯಾವುದಾದರೂ ನರದ ಹೊದಿಕೆಯ ಕೋಶದಲ್ಲಿ ಇನ್ನೊಂದೂ ಕೆಟ್ಟರೆ ಅಲ್ಲಿ ಗಂಟು ಏಳುತ್ತದೆ.

ಹೆಂಗಸರಾದ ನಾವು ಇಲ್ಲಿ ಮೂರು ಮಾತು ನೆನಪಿಡಬೇಕು. ಮೊದಲನೆಯದು, ಕೆಟ್ಟ ಜೀನು ತಾಯಿಯಿಂದ ಬರಬಹುದು, ತಂದೆಯಿಂದಲೂ ಬರಬಹುದು, ಇಬ್ಬರಿಗೂ ಸಮಪಾಲು. ಇಬ್ಬರಲ್ಲಿ ಒಬ್ಬರಿಗೆ ರೋಗವಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಎರಡನೆಯದು, ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಅದು ಯಾರಿಂದಲೂ ಬಂದದ್ದಲ್ಲ. ಜೀನು ಹೊಸದಾಗಿ, ತಾನೇ ತಾನಾಗಿ ಕೆಟ್ಟಿರುತ್ತದೆ. ಮೂರನೆಯದು, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದರಿಂದ ಬರುವ ರೋಗ ಇದಲ್ಲ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ರೋಗಗಳು ಬೇರೆ ಇವೆ, ಅವುಗಳಲ್ಲಿ ಕೆಟ್ಟ ಜೀನು ಎರಡೂ ಕಡೆಯಿಂದ ಬರಬೇಕು. ಇದಕ್ಕೆ ಒಂದೇ ಸಾಕು. ಇನ್ನು ಗ್ರಹಣ, ಆನೆ, ಹುಳಿ ತಿಂದದ್ದು, ಕುಂಬಳಕಾಯಿ ಒಡೆದದ್ದು, ಯಾವುದಕ್ಕೂ ಇಲ್ಲಿ ಜಾಗವೇ ಇಲ್ಲ.

ಅಕ್ಕನಿಗೆ ಇದನ್ನು ಹೇಳುವವರು ಸಿಕ್ಕಿದ್ದು 2009ರಲ್ಲಿ. ಆ ಹೊತ್ತಿಗೆ ತಡವಾಗಿತ್ತು.

ಹುಡುಗ ಎಸ್‌ಎಸ್‌ಎಲ್‌ಸಿ ದಾಟಲಿಲ್ಲ. ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರಿ, ಎಲ್ಲರಿಗೂ ಬೇಕಾದವನಾಗಿ, ನೆಟ್ಟಗೆ ದುಡಿಯುತ್ತಿದ್ದ. 29ನೇ ವರ್ಷ ನಡೆಯುತ್ತಿದ್ದಾಗ ಸೊಂಟದ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಚೀಲ ಎತ್ತುವವನಿಗೆ ಬೆನ್ನುನೋವು ಬಾರದೆ ಇರುತ್ತದೆಯೇ ಎಂದರು. ಎಣ್ಣೆ ತಿಕ್ಕಿದರು, ಪಟ್ಟಿ ಹಾಕಿದರು, ನೋವಿನ ಮಾತ್ರೆ ನುಂಗಿಸಿದರು. ರಾತ್ರಿ ಮಲಗಿದಾಗಲೇ ನೋವು ಜಾಸ್ತಿ, ನಿದ್ದೆಯಿಂದ ಎಬ್ಬಿಸುತ್ತಿತ್ತು. ಬೆನ್ನಿನ ಪಕ್ಕದಲ್ಲಿ ಮೊದಲಿನಿಂದ ಇದ್ದ ಒಂದು ಗಂಟು ದಪ್ಪವಾಗಿ, ಗಟ್ಟಿಯಾಗಿದ್ದು ಅಕ್ಕನ ಕೈಗೆ ತಿಳಿದಿತ್ತು. ಆದರೆ ಮೈತುಂಬ ಗಂಟಿದ್ದವನಲ್ಲಿ ಒಂದು ಗಂಟನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? "ಅದು ಹಳೇದು ಬಿಡು" ಎನ್ನುವುದು ಆ ಮನೆಯ ಮಾತಾಗಿತ್ತು. ಆರು ತಿಂಗಳು ಹೀಗೇ ಹೋಯಿತು. ಎಡಗಾಲು ಎಳೆಯಲು ತೊಡಗಿ, ಒಂದು ಬೆಳಗ್ಗೆ ಮೂತ್ರ ಕಟ್ಟಿಕೊಂಡಾಗ ಬೆಂಗಳೂರಿಗೆ ಹೊರಟರು. "ಚೀಟಿ ಓದೋಕೆ ನೀನೂ ಬಾ ಪುಟ್ಟಿ" ಎಂದಳು ಅಕ್ಕ. ಅದೇ ದಿನ ರೈಲು ಹತ್ತಿದೆವು.

ಅಲ್ಲಿ ಎಂ.ಆರ್.ಐ. ಮಾಡಿದರು. ಮೂಳೆಯನ್ನಷ್ಟೇ ತೋರಿಸುವ ಎಕ್ಸ್‌ರೇಗೆ ಕಾಣದ ನರ, ಬೆನ್ನುಹುರಿ, ಮೆತ್ತನೆಯ ಗಂಟು ಎಲ್ಲ ಇದರಲ್ಲಿ ಕಾಣುತ್ತವೆ. ಡಾಕ್ಟರು ಫಿಲಂ ಹಿಡಿದು ತೋರಿಸಿದರು. ಬೆನ್ನುಮೂಳೆಯ ಸಂದಿನಲ್ಲಿ ನರ ಹೊರಬೀಳುವ ಕಿಂಡಿಯ ಮೂಲಕ ಗಂಟು ಅರ್ಧ ಒಳಗೆ, ಅರ್ಧ ಹೊರಗೆ ಬೆಳೆದು, ನಡುವೆ ಸಣ್ಣಗಾಗಿ, ಥೇಟು ಶಿವನ ಡಮರುವಿನ ಹಾಗಿತ್ತು. ಒಳಗಿನ ಅರ್ಧ ಬೆನ್ನುಹುರಿಯನ್ನು ಒತ್ತುತ್ತಿತ್ತು. ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು.

ಇಂಥ ಕ್ಯಾನ್ಸರ್ ಸಾಮಾನ್ಯ ಜನರಲ್ಲಿ ತೀರ ಅಪರೂಪ. ಆದರೆ ಈ ಆನುವಂಶಿಕ ರೋಗವಿರುವ 100 ಜನರಲ್ಲಿ 8ರಿಂದ 13 ಮಂದಿಗೆ ಬಾಳಿನಲ್ಲಿ ಯಾವಾಗಲಾದರೂ ಒಂದು ನರದ ಗಂಟು ಕ್ಯಾನ್ಸರಿಗೆ ತಿರುಗುತ್ತದೆ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನೊಳಗೆ, ಹೆಚ್ಚಾಗಿ ಕೈಕಾಲು, ಸೊಂಟ, ಮುಂಡದ ಆಳದ ದೊಡ್ಡ ನರಗಳಲ್ಲಿ. ಚರ್ಮದ ಮೇಲಿನ ಸಣ್ಣ ಗಂಟುಗಳು ಹಾಗೆ ತಿರುಗುವುದಿಲ್ಲ. ಆಳದಲ್ಲಿ ಬೇರಿನಂತೆ ಹಬ್ಬಿದವು, ಗಡ್ಡೆಗಟ್ಟಿದವು ತಿರುಗುತ್ತವೆ. ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಆಗುವುದು ಅಪರೂಪದಲ್ಲಿ ಅಪರೂಪ. ಆದರೆ ಆದಾಗ ಅದೇ ಅತ್ಯಂತ ಕಠಿಣ. ಈ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಸುತ್ತಲಿನ ಒಳ್ಳೆಯ ಭಾಗವನ್ನೂ ಸೇರಿಸಿ ಗಂಟನ್ನು ಪೂರ್ತಿ ಕತ್ತರಿಸಿ ತೆಗೆಯುವುದು. ತೊಡೆಯಲ್ಲಾದರೆ ಅಷ್ಟು ಅಗಲಕ್ಕೆ ತೆಗೆಯಬಹುದು, ಬೆನ್ನುಹುರಿಯ ಪಕ್ಕದಲ್ಲಿ ಎಷ್ಟೆಂದು ತೆಗೆಯುವುದು? ವಿಕಿರಣ ಅದನ್ನು ಸ್ವಲ್ಪ ತಡೆದು ಹಿಡಿಯುತ್ತದೆ, ಔಷಧಿಗೆ ಅದು ಬಗ್ಗುವುದು ಕಡಿಮೆ. ಹುಡುಗನಿಗೆ ಆಪರೇಷನ್ ಆಯಿತು, ವಿಕಿರಣವೂ ಆಯಿತು. 2010ರ ಯುಗಾದಿಗೆ ಮುಂಚೆ ಅವನು ತೀರಿಕೊಂಡ.

ಆಸ್ಪತ್ರೆಯ ಆ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ವಾರ್ಡಿನ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಮನೆಯವರ ವಿವರವನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮಚ್ಚೆ ಯಾವಾಗಿನಿಂದ ಎಂದು ಕೇಳಿದಾಗ ಅಕ್ಕ ತಲೆ ತಗ್ಗಿಸಿ, "ಗ್ರಹಣದಲ್ಲಿ ನಾನು ಹಿತ್ತಲಿಗೆ ಹೋಗಿದ್ದೆ ಡಾಕ್ಟ್ರಮ್ಮ, ನನ್ನಿಂದಲೇ ಆಯ್ತು" ಎಂದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಏನೂ ಹೇಳದೆ ಅಕ್ಕನ ಯಜಮಾನರ ಕಡೆ ತಿರುಗಿ, "ನೀವು ಸ್ವಲ್ಪ ಅಂಗಿ ಬನಿಯನ್ ತೆಗೀತೀರಾ?" ಎಂದರು. ಆ ಮನುಷ್ಯ ಸಂಕೋಚದಿಂದ ತೆಗೆದರು. ಬೆನ್ನಿನ ಮೇಲೆ ಏಳೆಂಟು ಕಂದು ಮಚ್ಚೆ, ಕಂಕುಳಲ್ಲಿ ಚುಕ್ಕೆ, ಪಕ್ಕೆಯಲ್ಲಿ ಬಟಾಣಿಯಷ್ಟು ನಾಲ್ಕಾರು ಗಂಟು. ಒಂದೇ ಮನೆಯಲ್ಲಿ ಒಬ್ಬರಿಗೆ ಹೀಗೆ ಲಘುವಾಗಿ, ಇನ್ನೊಬ್ಬರಿಗೆ ತೀವ್ರವಾಗಿ ಬರುವುದು ಈ ರೋಗದ ಸ್ವಭಾವ. ಇಪ್ಪತ್ತೊಂಬತ್ತು ವರ್ಷ ಎಲ್ಲರೂ ಗ್ರಹಣದ ನೆರಳನ್ನು ಹುಡುಕಿದ್ದರು. ರೋಗ ಆ ಬನಿಯನ್ನಿನ ಕೆಳಗೆ ಮನೆಯಲ್ಲೇ ಓಡಾಡಿಕೊಂಡಿತ್ತು.

"ಅಮ್ಮ, ಇದು ನಿಮ್ಮಿಂದ ಆದದ್ದಲ್ಲ. ಇವರ ತಪ್ಪೂ ಅಲ್ಲ. ಬಣ್ಣ, ಮೂಗು, ಕೂದಲು ಬಂದ ಹಾಗೆ ಇದೂ ಬಂದಿದೆ, ಅಷ್ಟೇ" ಎಂದರು ಡಾಕ್ಟರು. ಆ ಎರಡನೆಯ ಮಾತು ಹೇಳಿದ್ದಕ್ಕೆ ನಾನು ಇವತ್ತಿಗೂ ಅವರನ್ನು ಮನಸ್ಸಿನಲ್ಲಿ ನೆನೆಯುತ್ತೇನೆ. ಇಲ್ಲದಿದ್ದರೆ ತಾಯಿಯ ತಲೆಯಿಂದ ಇಳಿದ ಹೊರೆ ನೇರವಾಗಿ ತಂದೆಯ ತಲೆ ಏರುತ್ತಿತ್ತು. ಅಕ್ಕ ಅವತ್ತು ಅಳಲಿಲ್ಲ. ರಾತ್ರಿ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿದಾಗ, "ಆ ಕರು ಬಹಳ ಅರಚ್ತಿತ್ತು ಪುಟ್ಟಿ" ಎಂದಳು. ಮತ್ತೆ ಮಾತಾಡಲಿಲ್ಲ.

ಆ ದಿನಗಳಿಗಿಂತ ಈಗ ತಿಳಿವಳಿಕೆ ಬೆಳೆದಿದೆ. ನಮ್ಮ ರಾಜ್ಯದಲ್ಲಿ ನರರೋಗದ ದೊಡ್ಡ ಆಸ್ಪತ್ರೆಯಾದ ನಿಮ್ಹಾನ್ಸ್ ಇದೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ಹಾಗೂ 1954ರಲ್ಲಿ ಆರಂಭವಾದ ಸಂಸ್ಥೆ ಎರಡೂ ಸೇರಿ 1974ರಲ್ಲಿ ಆದದ್ದು ಅದು. 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಹಾಸನದಲ್ಲೇ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಗಂಟು ಕೆಟ್ಟದಕ್ಕೆ ತಿರುಗುತ್ತಿದೆಯೇ ಎಂದು ಅನುಮಾನ ಬಂದರೆ ಪೆಟ್ ಸ್ಕ್ಯಾನ್ ಮಾಡಿ, ಯಾವ ಗಂಟಿನ ಚೂರು ತೆಗೆಯಬೇಕೆಂದು ನಿರ್ಧರಿಸುತ್ತಾರೆ. 2020ರಲ್ಲಿ ಅಮೆರಿಕದಲ್ಲಿ ಸೆಲುಮೆಟಿನಿಬ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ಶಸ್ತ್ರಚಿಕಿತ್ಸೆ ಮಾಡಲಾಗದ, ಬೇರಿನಂತೆ ಹಬ್ಬಿದ ಗಂಟುಗಳನ್ನು ಮಕ್ಕಳಲ್ಲಿ ಅದು ಕುಗ್ಗಿಸುತ್ತದೆ. ಕ್ಯಾನ್ಸರಿಗೆ ಅದು ಮದ್ದಲ್ಲ. ಆದರೆ ಇನ್ನೂರು ವರ್ಷ ಬರೀ ಹೆಸರಿಡುವುದರಲ್ಲೇ ಕಳೆದ ರೋಗಕ್ಕೆ ಒಂದು ಮದ್ದು ಬಂತೆನ್ನುವುದು ಸಣ್ಣ ಮಾತಲ್ಲ.

ಇಂಥ ಮಚ್ಚೆ, ಗಂಟು ಇರುವವರು ನಿಮ್ಮ ಮನೆಯಲ್ಲಿದ್ದರೆ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿ. ನೋವಿಲ್ಲದ ಗಂಟಿನಲ್ಲಿ ಬಿಡದ ನೋವು ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಮೆತ್ತಗಿದ್ದದ್ದು ಗಟ್ಟಿಯಾದರೆ, ಬೇಗಬೇಗ ಬೆಳೆದರೆ, ಕೈಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ ವರ್ಷ ಕಾಯಬೇಡಿ, ಆಗಲೇ ಹೋಗಿ. ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಿ. ಡಾಕ್ಟರಿಗೆ ಬೆನ್ನುನೋವು ಎಂದಷ್ಟೇ ಹೇಳಬೇಡಿ, ಮಚ್ಚೆಗಳನ್ನೂ ತೋರಿಸಿ. ಎರಡನ್ನೂ ಸೇರಿಸಿ ನೋಡಿದರಷ್ಟೇ ಅವರಿಗೂ ಹೊಳೆಯುವುದು. ಈ ರೋಗವಿರುವ ಹೆಂಗಸರಿಗೆ ಐವತ್ತು ತುಂಬುವ ಮೊದಲೇ ಸ್ತನದ ಕ್ಯಾನ್ಸರ್ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಮೂವತ್ತರಿಂದಲೇ ವರ್ಷವರ್ಷ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತಾರೆ. ಟೀಚರುಗಳಿಗೆ ನನ್ನದೊಂದು ಮಾತು: ಲೆಕ್ಕ ಬಾರದ ಮಗುವಿನ ಮೈಮೇಲೆ ಇಂಥ ಮಚ್ಚೆಗಳು ಕಂಡರೆ ಬೆಂಚಿನ ಮೇಲೆ ನಿಲ್ಲಿಸಬೇಡಿ, ತಾಯಿಯನ್ನು ಕರೆಸಿ ಮೆತ್ತಗೆ ಮಾತಾಡಿ.

ಈಗಲೂ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಕಥೆ ಹೇಳುತ್ತೇನೆ. ಇದು ಕಥೆ, ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ ಎಂದೂ ಹೇಳುತ್ತೇನೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ ನಿಜವಾಗಿ ಹೆಸರು ಕೆತ್ತಿಟ್ಟು ಹೋದವರು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಅಪ್ಪನಿಂದ ಮಗನಿಗೆ ಏನೇನೋ ಬರುತ್ತದೆ. ದಾಸೋಜನಿಂದ ಚಾವಣನಿಗೆ ಉಳಿ ಬಂತು. ನಮ್ಮ ಪಕ್ಕದ ಮನೆಯಲ್ಲಿ ಮಗನಿಗೆ ಕಂದು ಮಚ್ಚೆ ಬಂತು. ಎರಡನ್ನೂ ಕೇಳಿ ಪಡೆದವರಿಲ್ಲ.

ಆದರೆ ಕಥೆಯ ಕೊನೆಗೆ ಈಗ ನಾನು ಒಂದು ಮಾತು ಸೇರಿಸುತ್ತೇನೆ. ಶಿಲ್ಪಿ ಉಳಿ ಮುಟ್ಟುವ ಮೊದಲೇ ಕಪ್ಪೆ ಕಲ್ಲಿನೊಳಗೆ ಇತ್ತಲ್ಲ ಮಕ್ಕಳೇ, ಅದು ಅವನ ತಪ್ಪೇ? ಸುಮ್ಮನೆ ಕೈ ಯಾಕೆ ಕತ್ತರಿಸಿಕೊಂಡ? ಮಕ್ಕಳು ಯೋಚಿಸುತ್ತಾರೆ. "ಗಂಧ ಮೊದಲೇ ಹಚ್ಚಿ ನೋಡ್ಬೇಕಿತ್ತು ಮೇಡಂ" ಎಂದಳು ಹೋದ ಸಲ ಒಬ್ಬ ಹುಡುಗಿ. ಅದೂ ಸರಿಯೇ. ಇಪ್ಪತ್ತೊಂಬತ್ತು ವರ್ಷ ದಿನದಿನವೂ ಕೈ ಕತ್ತರಿಸಿಕೊಂಡ ಅಕ್ಕನಿಗೆ, ಹಸಿ ಆರದ ಜಾಗವನ್ನು ಹುಡುಕಿ ನೋಡು ಎಂದು ಹೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಪಕ್ಕದ ಮನೆಯಲ್ಲಿದ್ದು, ಬಿ.ಎ., ಬಿ.ಎಡ್. ಓದಿದ ನಾನೂ ಹೇಳಲಿಲ್ಲ.

2019ರ ಡಿಸೆಂಬರ್ 26ರಂದು ಬೆಳಗ್ಗೆ ಮತ್ತೆ ಸೂರ್ಯಗ್ರಹಣ. ಎಂಟು ಗಂಟೆಗೆ ಹಿಡಿದು ಹನ್ನೊಂದರ ಮೇಲೆ ಬಿಟ್ಟಿತು. ಸರಿಯಾಗಿ ತಿಂಡಿಯ ಹೊತ್ತು. ಅಕ್ಕನ ಕಿರಿಯ ಮಗನ ಹೆಂಡತಿ ಆಗ ಏಳು ತಿಂಗಳ ಬಸುರಿ. ಕಿರಿಯವನನ್ನು ಅಣ್ಣನ ಕಾಲದಲ್ಲೇ ಡಾಕ್ಟರು ಪರೀಕ್ಷೆ ಮಾಡಿ, ಅವನಿಗೆ ರೋಗ ಬಂದಿಲ್ಲ, ಅವನ ಮಕ್ಕಳಿಗೆ ಹೆದರಿಕೆ ಬೇಡ ಎಂದಿದ್ದರು. ನಾನು ಹೋದಾಗ ಆ ಹುಡುಗಿಯ ತವರಿನಿಂದ ಫೋನು ಬಂದಿತ್ತು, ಏನೂ ತಿನ್ನಬೇಡ, ಕೋಣೆಯಿಂದ ಹೊರಗೆ ಬರಬೇಡ ಎಂದು. ಅವಳು ಹಸಿದು ಮುಖ ಸಣ್ಣಗೆ ಮಾಡಿಕೊಂಡು ಮಂಚದ ಮೇಲೆ ಕೂತಿದ್ದಳು. ಅಕ್ಕ ಯಾರ ಹತ್ತಿರವೂ ವಾದಕ್ಕೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ, ಒಲೆ ಹಚ್ಚಿ, ತಟ್ಟೆಯಲ್ಲಿ ನಾಲ್ಕು ಬಿಸಿ ಇಡ್ಲಿ, ಬಟ್ಟಲಲ್ಲಿ ಕಾಯಿಚಟ್ನಿ ತಂದು ಸೊಸೆಯ ಮುಂದಿಟ್ಟಳು.

"ತಿನ್ನು. ಆರ್ಹೋಗುತ್ತ್" ಎಂದಳು.